ಸಂಘಪ್ರಿಯ ಟಿಟ್ಟಿಭ

ಪಂಚತಂತ್ರವನ್ನೋದಿದ ವಾಚಕರು ಟಿಟ್ಟಿಭ ದಂಪತಿಗಳ ಕಥೆಯನ್ನು ಮರೆತಿರಲಾರರು. ದಡದಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರವು ಅಪಹರಿಸಲು, ಪಕ್ಷಿಗಳೆಲ್ಲವೂ ಗರುಡನಲ್ಲಿ ಮೊರೆಯಿಟ್ಟುವು. ಆತನು ಶ್ರೀಮನ್ನಾರಾಯಣನಿಗೆ ಬಿನ್ನವಿಸಿದನು. ಸಮುದ್ರವು ಅಂಜಿ ಮೊಟ್ಟೆಗಳನ್ನೊಪ್ಪಿಸಿತು. ಗರುಡನ ಹೆಸರು ಸೇರಿರುವ ನಮ್ಮ ಗರುಡಾಚಾರ್‌ಪಾಳ್ಯದ ಕಡೆಯವರಿಗೆ ಟಿಟ್ಟಿಭವು ಅಪರಿಚಿತವಲ್ಲ. ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿಯ ನೀಳವಾದ ಕಾಲು, ಹಗಲಿರುಳೆನ್ನದ ಕೂಗು: ಬೆಂಗಳೂರಿನ ಕೆರೆಯಂಚುಗಳಲ್ಲಿ ಇದನ್ನು ಕಾಣದವರು ವಿರಳ.

ಇದಕ್ಕೊಂದು ದೂರದ ಬಂಧುವುಂಟು. 1771ರಲ್ಲಿ ಪಲ್ಲಾಸ್ ಎಂಬ ಪಂಡಿತನು ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಗ್ರೆಗೇರಿಯಸ್’, ಎಂದರೆ ಗುಂಪಿನಲ್ಲಿ ಬಾಳುವುದು ಎಂದು ಹೆಸರಿಟ್ಟನು. ನಾವು ಸಂಘಪ್ರಿಯ ಟಿಟ್ಟಿಭವೆನ್ನೋಣ. ಕಜಕಸ್ತಾನದಲ್ಲಿ ದನಕುರಿಗಳು ಮೇಯ್ದು ಕುರುಚಲಾದ ಹುಲ್ಲುಗಾವಲು ಇದರ ತವರು. ಚಳಿಗಾಲದಲ್ಲಿ ಕೆಲವು ಸೂಡಾನಿಗೂ, ಕೆಲವು ಪಾಕಿಸ್ತಾನ, ರಾಜಸ್ಥಾನ, ಗುಜರಾತುಗಳಿಗೂ ಇಳಿಯುತ್ತವೆ.

ಆದರೆ ಇದು ಶ್ರೀಲಂಕೆಯಲ್ಲಿಯೂ, ಮಾಲ್ದೀವಿನಲ್ಲಿಯೂ, ಇಂಗ್ಲೆಂಡಿನಲ್ಲಿಯೂ ಆಗಾಗ ಕಾಣಿಸಿಕೊಂಡಿರುವುದುಂಟು. ವಲಸೆಯ ದಿಕ್ಕು ಪಕ್ಷಿಗಳಿಗೆ ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದ ಅರಿವು. ಮೊದಲ ಪಯಣದ ಎಳೆಯ ಹಕ್ಕಿಯು ಆ ಅರಿವು ತಪ್ಪಿಯೋ ಬಿರುಗಾಳಿಗೆ ಸಿಕ್ಕಿಯೋ ಪರಸ್ಥಳವನ್ನು ಸೇರಬಹುದು. ಸಂಘಪ್ರಿಯವೆನಿಸಿದುದು ಏಕಾಕಿಯಾಗಿ ಉಳಿಯುತ್ತದೆ! ಇಂಗ್ಲೆಂಡಿನಲ್ಲಿ ಅದು ಏನು ಮಾಡುತ್ತದೆಂದರೆ, ಅಲ್ಲಿಯ ಸಾಮಾನ್ಯ ಟಿಟ್ಟಿಭಗಳ ಹಿಂಡನ್ನು ಹೊಕ್ಕು, ಅವುಗಳೊಡನೆ ಮೇಯುತ್ತ ಕಾಲ ಕಳೆಯುತ್ತದೆ. ಅಪರೂಪದ ಅತಿಥಿಗೆ ಸಾಮಾನ್ಯ ಬಂಧುವೇ ಆಶ್ರಯ.

ಈ ಕುಲವು ಇಂದು ಅಳಿವಿನ ಅಂಚಿನಲ್ಲಿದೆ. ದನಗಳ ತುಳಿತದಿಂದ ಮೊಟ್ಟೆಗಳು ನಾಶವಾಗುವುದೇ ಕಾರಣವೆಂದು ಮೊದಲು ತಿಳಿದಿದ್ದರು. ವಲಸೆಯ ದಾರಿಯಲ್ಲಿ ಬೇಟೆಗೆ ಬಲಿಯಾಗುವುದೇ ಹೆಚ್ಚಿನ ಹಾನಿಯೆಂದು ಅನಂತರದ ಶೋಧನೆಗಳು ತೋರಿಸಿದುವು. 2007ರಲ್ಲಿ, ಉಪಗ್ರಹಕ್ಕೆ ಸುಳಿವು ಕೊಡುವ ಯಂತ್ರವನ್ನು ಹೊತ್ತ ಒಂದು ಹಕ್ಕಿಯ ಜಾಡು ಹಿಡಿದು ಹೋದವರು ತುರ್ಕಿಯಲ್ಲಿ 3,000ಕ್ಕೂ ಮಿಕ್ಕ ಹಿಂಡನ್ನು ಕಂಡರು. ಅಂತಹ ಒಂದೇ ತಂಗುದಾಣವು ಕೆಟ್ಟರೂ ಕುಲಕ್ಕೆ ಎಷ್ಟು ದೊಡ್ಡ ಪೆಟ್ಟೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮ ಪಾಳ್ಯಕ್ಕೆ 2023ರಲ್ಲಿ ಮೆಟ್ರೋ ರೈಲು ಬಂದಿತು, ಒಳ್ಳೆಯದೇ. ಆದರೆ ಕೆರೆಯಂಚಿನ ಬಯಲನ್ನೆಲ್ಲ ಕಲ್ಲು ಕಾಂಕ್ರೀಟಿನಿಂದ ಮುಚ್ಚಿದರೆ, ನೆಲದ ಮೇಲೆ ಮೊಟ್ಟೆಯಿಡುವ ನಮ್ಮ ಟಿಟ್ಟಿಭವೇ ನಿಲ್ಲದು. ಮತ್ತೆ ಅದರ ನೆಂಟನನ್ನು ಬರಮಾಡಿಕೊಳ್ಳುವವರಾರು? ಚಳಿಗಾಲದಲ್ಲಿ ಮಕ್ಕಳೊಡನೆ ಕೆರೆಯ ಕಡೆಗೆ ಹೋದಾಗ ಟಿಟ್ಟಿಭಗಳ ಗುಂಪನ್ನು ಎರಡು ಬಾರಿ ನೋಡತಕ್ಕದ್ದು. ಕೆಂಪು ತೊಗಲಿಲ್ಲದೆ, ಬಿಳಿಯ ಹುಬ್ಬು, ಕಪ್ಪು ಕಾಲುಗಳುಳ್ಳ ಬೂದು ಹಕ್ಕಿಯೊಂದು ಅವುಗಳ ನಡುವೆ ನಿಂತಿದ್ದರೆ, ಬಳಿಗೆ ಹೋಗದೆ, ಕಲ್ಲೆಸೆಯದೆ, ಹಕ್ಕಿಗಳನ್ನು ಬಲ್ಲವರಿಗೆ ತಿಳಿಸುವುದು. ಈ ಕಾಲದ ಸಮುದ್ರವು ನಾವೇ. ಗರುಡನಾಗುವುದೂ ನಮ್ಮ ಕೈಯಲ್ಲಿಯೇ ಇದೆ.