ಲಿವರಿನ ಗಡ್ಡೆ ಗುರುತಿಸುವ ಗಾಮಾ ಕ್ಯಾಮೆರಾ

ಲಿವರಿನಲ್ಲಿ ಕಾಣುವ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ನಿರಪಾಯಕಾರಿ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು ಹಿಮ್ಯಾಂಜಿಯೋಮ, ರಕ್ತನಾಳಗಳ ಗೊಂಚಲು. ಕೊಡಗಿನ ಹುದಿಕೇರಿಯವರೊಬ್ಬರು ಹೊಟ್ಟೆನೋವಿಗೆಂದು ಗೋಣಿಕೊಪ್ಪದಲ್ಲಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಅದು ಅಚಾನಕ್ಕಾಗಿ ಕಾಣಿಸಿಕೊಂಡು ಮನೆಮಂದಿಯ ನಿದ್ದೆಗೆಡಿಸಬಹುದು. ಸೂಜಿ ಚುಚ್ಚಿ ತುಣುಕು ತೆಗೆಯೋಣವೆಂದರೆ ರಕ್ತಸ್ರಾವದ ಭಯ. ಹೆಚ್ಚಿನ ಗಡ್ಡೆಗಳ ಗುರುತನ್ನು ಈಗ ಸಿ.ಟಿ., ಎಂ.ಆರ್.ಐ.ಗಳೇ ಹೇಳಿಬಿಡುತ್ತವೆ. ಅವೂ ಅನುಮಾನ ಉಳಿಸಿದಾಗ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಸರದಿ.

ಅಲ್ಲಿನ ಗಾಮಾ ಕ್ಯಾಮೆರಾ ತಾನಾಗಿ ಕಿರಣ ಬಿಡುವುದಿಲ್ಲ. ರೋಗಿಗೆ ಕೊಟ್ಟ ಔಷಧದಿಂದ ಹೊರಡುವ ಕಿರಣವನ್ನು ಹಿಡಿಯುತ್ತದೆ. ಹಿಮ್ಯಾಂಜಿಯೋಮದ ಪರೀಕ್ಷೆಗೆ ರೋಗಿಯದೇ ಕೆಂಪು ರಕ್ತಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಅಂಟಿಸುತ್ತಾರೆ. ಮೊದಲು ತವರದ ಲವಣದ ಇಂಜೆಕ್ಷನ್. 20-30 ನಿಮಿಷ ಬಿಟ್ಟು ಟೆಕ್ನೀಷಿಯಂ. ಆರಂಭದ ಚಿತ್ರಗಳಲ್ಲಿ ಗಡ್ಡೆಯ ಜಾಗ ಸಾಮಾನ್ಯವಾಗಿ ಮಂಕಾಗಿರುತ್ತದೆ. ಒಂದೆರಡು ಗಂಟೆ ಕಾದು ಮತ್ತೆ ತೆಗೆದರೆ ಸುತ್ತಲಿನ ಲಿವರಿಗಿಂತ ಅದೇ ಹೆಚ್ಚು ಬೆಳಗುತ್ತದೆ. ರಕ್ತ ಗಡ್ಡೆಯೊಳಗೆ ನಿಧಾನವಾಗಿ ಹೊಕ್ಕು ಅಲ್ಲೇ ತಂಗುವುದೇ ಇದಕ್ಕೆ ಕಾರಣ. ಹೀಗೆ ಕಂಡಿತೆಂದರೆ ಅದು ಹಿಮ್ಯಾಂಜಿಯೋಮ ಎಂಬುದು ಬಹುತೇಕ ಖಚಿತ. ಗಡ್ಡೆಗೆ ಸೂಜಿ ಚುಚ್ಚುವ ಗೊಡವೆಯಿಲ್ಲದೆ ಇಷ್ಟು ದೊಡ್ಡ ಆತಂಕ ಕಳೆಯುವ ಪರೀಕ್ಷೆಗಳು ಹೆಚ್ಚಿಲ್ಲ. ಗಡ್ಡೆ ತೀರಾ ಚಿಕ್ಕದಾದರೆ ಮಾತ್ರ ಕಣ್ತಪ್ಪಬಹುದು. ಸ್ಪೆಕ್ಟ್ ಎಂಬ ಮೂರು ಆಯಾಮದ ಚಿತ್ರಣ ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗುತ್ತದೆ.

ಅದೇ ಕ್ಯಾಮೆರಾದಲ್ಲಿ ಮಾಡುವ ಸಲ್ಫರ್ ಕೊಲಾಯ್ಡ್ ಸ್ಕ್ಯಾನಿನ ದಾರಿ ಬೇರೆ. ಆ ಔಷಧವನ್ನು ನುಂಗುವುದು ಲಿವರಿನ ಕುಪ್ಫರ್ ಕೋಶಗಳು. ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ ಎಂಬ ಸಾಧು ಗಡ್ಡೆಯಲ್ಲಿಯೂ ಆ ಕೋಶಗಳಿರುವುದರಿಂದ ಅದು ಹಲವು ಬಾರಿ ಬೆಳಗುತ್ತದೆ. ಕ್ಯಾನ್ಸರ್ ಹರಡಿದ ಜಾಗ ಖಾಲಿಯಾಗಿ ಕಾಣುತ್ತದೆ.

ಇದೇ ವಿಭಾಗದ ಇನ್ನೊಂದು ಪರೀಕ್ಷೆಯಾದ ಪೆಟ್ ಸ್ಕ್ಯಾನಿನಲ್ಲಿ ಬಳಸುವುದು ಫ್ಲೋರಿನ್-18 ಸೇರಿಸಿದ ಗ್ಲೂಕೋಸ್. ದೊಡ್ಡಕರುಳಿನಿಂದ ಲಿವರಿಗೆ ಹರಡಿದ ಕ್ಯಾನ್ಸರನ್ನು ಅದು ಚೆನ್ನಾಗಿ ಹಿಡಿದುಕೊಡುತ್ತದೆ. ಲಿವರಿನಲ್ಲೇ ಹುಟ್ಟಿದ ಕೆಲವು ಕ್ಯಾನ್ಸರ್‌ಗಳು ಆ ಗ್ಲೂಕೋಸನ್ನು ಉಳಿಸಿಕೊಳ್ಳದೆ ಮರೆಯಾಗಿಬಿಡುತ್ತವೆ. ಆದ್ದರಿಂದ ಪೆಟ್‌ನಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಈ ಔಷಧಗಳನ್ನು ಕೂಡಿಡಲಾಗದು. ಟೆಕ್ನೀಷಿಯಂ-99ಎಂ 6 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಫ್ಲೋರಿನ್-18 ಸುಮಾರು 110 ನಿಮಿಷದಲ್ಲಿ. ಸೀಸದ ಕವಚದ ಜನರೇಟರಿನಲ್ಲಿ ಮಾಲಿಬ್ಡಿನಂ-99 ಇಟ್ಟು, ಅದರಿಂದ ಹುಟ್ಟುವ ಟೆಕ್ನೀಷಿಯಂ ಅನ್ನು ಲವಣಜಲ ಹಾಯಿಸಿ ಬೇಕಾದಾಗ ಇಳಿಸಿಕೊಳ್ಳುತ್ತಾರೆ. ಫ್ಲೋರಿನ್ ಸೈಕ್ಲೋಟ್ರಾನಿನಿಂದ ಬರಬೇಕು. ಹಾಗಾಗಿ ಹುದಿಕೇರಿಯ ರೋಗಿ ಪೊನ್ನಂಪೇಟೆ, ಗೋಣಿಕೊಪ್ಪ, ಹುಣಸೂರು ದಾಟಿ ಮೈಸೂರಿಗೋ, ಇನ್ನೂ ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾಗುತ್ತದೆ. ಔಷಧ ಬರುವ ದಿನ, ಹೊತ್ತನ್ನು ಫೋನಿನಲ್ಲಿ ಕೇಳಿಕೊಂಡೇ ಹೊರಡುವುದು ಒಳ್ಳೆಯದು. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ. ಜತೆಗಿರಲಿ. ಪೆಟ್‌ಗೆ ಸಾಮಾನ್ಯವಾಗಿ 4-6 ಗಂಟೆ ಉಪವಾಸವಿರಬೇಕು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ವಿಷಯವನ್ನು ಮೊದಲೇ ಕೇಳಿಕೊಳ್ಳಬೇಕು; ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇಂಜೆಕ್ಷನ್ನಿಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು.