ಕಸವನ್ನು ಮನೆಯಲ್ಲಿಯೇ ಏಕೆ ಬೇರ್ಪಡಿಸಬೇಕು?

ಒಂದು ಪಾವು ರಾಗಿಯನ್ನೂ ಒಂದು ಪಾವು ಸಾಸಿವೆಯನ್ನೂ ಒಂದೇ ಪಾತ್ರೆಗೆ ಸುರಿದು ನಾಲ್ಕು ಸಲ ಕೈಯಾಡಿಸಿರಿ. ಎರಡೂ ಬೆರೆತುಹೋಗುತ್ತವೆ. ಅವುಗಳನ್ನು ಮೊದಲಿನಂತೆ ಬೇರ್ಪಡಿಸಬೇಕೆಂದರೆ ಇಡೀ ದಿನ ಕುಳಿತರೂ ಸಾಲದು. ನಾಲ್ಕು ಸಲವಲ್ಲ, ನಾಲ್ಕು ಸಾವಿರ ಸಲ ಕೈಯಾಡಿಸಿದರೂ ಅವು ತಾವಾಗಿ ಬೇರೆಯಾಗುವುದಿಲ್ಲ. ಏಕೆಂದರೆ ಕಾಳುಗಳು ಬೆರೆತಿರಬಹುದಾದ ರೀತಿಗಳು ಅಸಂಖ್ಯ. ಬೇರೆಬೇರೆಯಾಗಿ ಉಳಿದಿರಬಹುದಾದ ರೀತಿಗಳು ಅತ್ಯಲ್ಪ. ಇದೇ ತತ್ತ್ವವನ್ನು ಭೌತವಿಜ್ಞಾನಿಗಳು ಎಂಟ್ರೊಪಿ ಎಂಬ ಪರಿಮಾಣದ ಮೂಲಕ ವ್ಯಕ್ತಪಡಿಸುತ್ತಾರೆ.

ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಪಂಚಾಯಿತಿಯ ಗಾಡಿಯವರು ಕೇಳಿದಾಗ ನಮ್ಮಲ್ಲಿ ಅನೇಕರಿಗೆ ಅದು ಅಧಿಕಾರಿಗಳ ಅನಾವಶ್ಯಕ ಕಟ್ಟುಪಾಡೆಂದು ತೋರುತ್ತದೆ. ವಾಸ್ತವವಾಗಿ ಆ ಕಟ್ಟುಪಾಡಿನ ಹಿಂದೆ ರಾಗಿ-ಸಾಸಿವೆಯ ಈ ತತ್ತ್ವವೇ ಇದೆ.

ನಿಯಮಗಳು ಬೆಳೆದ ಬಗೆ

ಈ ಯೋಚನೆ ಹೊಸದಲ್ಲ. ೧೮೮೩ರಲ್ಲಿ ಪ್ಯಾರಿಸ್ ನಗರದ ಆಡಳಿತಾಧಿಕಾರಿಯಾಗಿದ್ದ ಯೂಜೀನ್ ಪುಬೆಲ್ ಎಂಬುವರು ಪ್ರತಿಯೊಂದು ಕಟ್ಟಡದವರೂ ಮೂರು ಪಾತ್ರೆಗಳನ್ನು ಇಡಬೇಕೆಂದು ಆಜ್ಞೆ ಹೊರಡಿಸಿದರು: ಕೊಳೆಯುವ ಪದಾರ್ಥಕ್ಕೆ ಒಂದು, ಕಾಗದ ಮತ್ತು ಚಿಂದಿಬಟ್ಟೆಗೆ ಒಂದು, ಗಾಜು ಮತ್ತು ಪಿಂಗಾಣಿಯ ಚೂರುಗಳಿಗೆ ಒಂದು. ಜನರು ಗೊಣಗಿದರು. ಆದರೆ ಫ್ರೆಂಚ್ ಭಾಷೆಯಲ್ಲಿ ಕಸದ ತೊಟ್ಟಿಗೆ ಇಂದಿಗೂ ‘ಪುಬೆಲ್’ ಎಂದೇ ಹೆಸರು.

ನಮ್ಮ ದೇಶದಲ್ಲಿ ೧೯೯೬ರಲ್ಲಿ ಅಲ್ಮಿತ್ರಾ ಪಟೇಲ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯ ತರುವಾಯ, ೨೦೦೦ದಲ್ಲಿ ಪಟ್ಟಣಗಳ ಕಸದ ಬಗ್ಗೆ ರಾಷ್ಟ್ರವ್ಯಾಪಿ ನಿಯಮಗಳು ಬಂದವು. ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೫ರ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿತು. ಹಸುರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಶೌಚಸಂಬಂಧವಾದ ಮತ್ತು ಮರುಬಳಕೆಗೆ ಬಾರದ ಕಸಕ್ಕೆ, ಚೀಲ ಒಣ ಕಸಕ್ಕೆ. ೨೦೧೬ರ ಕೇಂದ್ರ ನಿಯಮಗಳು ಕಸವನ್ನು ಮೂರು ಬಗೆಯಾಗಿ ವಿಂಗಡಿಸಿದ್ದವು. ೨೦೨೬ರ ಏಪ್ರಿಲ್ ೧ನ್ನು ಜಾರಿಯ ದಿನವಾಗಿ ಗೊತ್ತುಪಡಿಸಿ ಪ್ರಕಟವಾದ ಹೊಸ ನಿಯಮಗಳಲ್ಲಿ ಬಗೆಗಳು ನಾಲ್ಕು: ಹಸಿ ಕಸ, ಒಣ ಕಸ, ಶೌಚಸಂಬಂಧವಾದ ಕಸ, ಬಣ್ಣದ ಡಬ್ಬಿ, ವಿದ್ಯುದ್ದೀಪ, ಔಷಧಿಗಳಂಥ ವಿಶೇಷ ಎಚ್ಚರಿಕೆ ಬೇಡುವ ಕಸ.

ಮ್ಯಾಕ್ಸ್‌ವೆಲ್ಲರ ಭೂತ

ಎಲ್ಲವನ್ನೂ ಒಟ್ಟಿಗೆ ಒಯ್ದು ಆಮೇಲೆ ಒಂದೆಡೆ ಬೇರ್ಪಡಿಸಬಾರದೇಕೆ? ಈ ಪ್ರಶ್ನೆಗೆ ಉತ್ತರವಾಗಿ ಭೌತವಿಜ್ಞಾನದ ಒಂದು ಪ್ರಸಿದ್ಧ ಕಲ್ಪನೆಯನ್ನು ನೆನೆಯಬಹುದು. ೧೮೬೭ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರು, ಅನಿಲ ತುಂಬಿದ ಪೆಟ್ಟಿಗೆಯ ನಡುವಣ ಪುಟ್ಟ ಬಾಗಿಲ ಬಳಿ ಕುಳಿತ ಒಂದು ಸೂಕ್ಷ್ಮ ಜೀವಿಯನ್ನು ಊಹಿಸಿಕೊಂಡರು. ವೇಗದ ಅಣು ಬಂದರೆ ಒಂದು ಕಡೆಗೆ, ನಿಧಾನದ ಅಣು ಬಂದರೆ ಇನ್ನೊಂದು ಕಡೆಗೆ ಬಿಡುವುದೇ ಅದರ ಕೆಲಸ. ಹಾಗಾದರೆ ಯಾವ ಶ್ರಮವೂ ಇಲ್ಲದೆ ಪೆಟ್ಟಿಗೆಯ ಒಂದು ಭಾಗ ಬಿಸಿಯಾಗಿ ಇನ್ನೊಂದು ತಣ್ಣಗಾಗಬೇಕಲ್ಲವೆ? ‘ಮ್ಯಾಕ್ಸ್‌ವೆಲ್ಲರ ಭೂತ’ ಎಂದು ಹೆಸರಾದ ಈ ಜೀವಿ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. ೧೯೨೯ರಲ್ಲಿ ಲಿಯೋ ಜಿಲಾರ್ಡ್ ಅವರೂ ೧೯೬೧ರಲ್ಲಿ ರಾಲ್ಫ್ ಲಾಂಡೌವರ್ ಅವರೂ ನಡೆಸಿದ ವಿಶ್ಲೇಷಣೆಗಳಿಂದ ಇದರ ಗುಟ್ಟು ಬಿಡಿಸಿಕೊಂಡಿತು. ಯಾವ ಅಣು ಎಂಥದೆಂದು ತಿಳಿದು ಆ ತಿಳಿವಳಿಕೆಯ ಲೆಕ್ಕವಿಡುವುದಕ್ಕೂ ಶಕ್ತಿಯ ವೆಚ್ಚ ಉಂಟು. ಗುರುತಿಸುವ ಕೆಲಸ ಪುಕ್ಕಟೆಯಲ್ಲ.

ಅಣುಗಳ ಈ ಸೂಕ್ಷ್ಮ ಲೆಕ್ಕ ಬೇರೆ, ಕಸದ ಸ್ಥೂಲ ಲೆಕ್ಕ ಬೇರೆ, ನಿಜ. ಆದರೆ ಕಸದಲ್ಲಿಯೂ ಕಷ್ಟವಿರುವುದು ವಸ್ತುವನ್ನು ಎತ್ತಿಡುವುದರಲ್ಲಿ ಅಷ್ಟಾಗಿ ಅಲ್ಲ, ಅದು ಏನೆಂದು ಗುರುತಿಸುವುದರಲ್ಲಿ. ಬಾಳೆಹಣ್ಣಿನ ಸಿಪ್ಪೆ ನಮ್ಮ ಕೈಯಲ್ಲಿರುವಾಗ ಅದು ಸಿಪ್ಪೆಯೆಂದು ನಮಗೆ ತಿಳಿದೇ ಇರುತ್ತದೆ. ಆ ಕ್ಷಣದಲ್ಲಿ ಬಲಗಡೆಯ ಬುಟ್ಟಿಗೆ ಹಾಕುವುದಕ್ಕೂ ಎಡಗಡೆಯ ಬುಟ್ಟಿಗೆ ಹಾಕುವುದಕ್ಕೂ ಶ್ರಮದಲ್ಲಿ ವ್ಯತ್ಯಾಸವಿಲ್ಲ. ಎಲ್ಲವೂ ಒಂದೇ ಚೀಲ ಸೇರಿದ ಗಳಿಗೆಯಲ್ಲಿ ಆ ತಿಳಿವಳಿಕೆ ನಾಶವಾಗುತ್ತದೆ. ಮುಂದೆ ಅದನ್ನು ಮರಳಿ ಪಡೆಯಲು ಯಾರೋ ಒಬ್ಬ ಹೆಂಗಸು ಗಾಜಿನ ಚೂರು, ಸೂಜಿ, ಕೊಳೆತ ಅನ್ನಗಳ ನಡುವೆ ಕೈಹಾಕಬೇಕಾಗುತ್ತದೆ.

ಯಂತ್ರಗಳ ಸಾಮರ್ಥ್ಯ

ಯಂತ್ರಗಳಿಲ್ಲವೆ ಎಂದು ಕೇಳಬಹುದು. ಇವೆ. ಕಬ್ಬಿಣವನ್ನು ಅಯಸ್ಕಾಂತವು ಎತ್ತುತ್ತದೆ. ಅಲ್ಯೂಮಿನಿಯಮಿನ ಬಳಿ ಅಯಸ್ಕಾಂತಗಳನ್ನು ವೇಗವಾಗಿ ತಿರುಗಿಸಿದರೆ ಆ ಲೋಹದಲ್ಲಿ ಸುಳಿಪ್ರವಾಹಗಳು ಹುಟ್ಟಿ ಅದು ದೂರ ಸಿಡಿಯುತ್ತದೆ. ಪ್ಲಾಸ್ಟಿಕ್ಕುಗಳನ್ನು ಸಾಂದ್ರತೆಯಿಂದ ಬೇರ್ಪಡಿಸಬಹುದು. ನೀರಿನ ಬಾಟಲಿಯ ಒಡಲನ್ನೂ ಮುಚ್ಚಳವನ್ನೂ ಕತ್ತರಿಸಿ ನೀರಿಗೆ ಹಾಕಿ ನೋಡಿರಿ. ಸುಮಾರು ೧.೩೮ ಸಾಂದ್ರತೆಯುಳ್ಳ ಒಡಲಿನ ಚೂರು ಮುಳುಗುತ್ತದೆ. ೧ಕ್ಕಿಂತ ಕಡಿಮೆ ಸಾಂದ್ರತೆಯ ಮುಚ್ಚಳದ ಚೂರು ತೇಲುತ್ತದೆ.

ಆದರೆ ಈ ಉಪಾಯಗಳೆಲ್ಲ ಒಣಗಿದ, ಶುಭ್ರವಾದ ವಸ್ತುಗಳಿಗೆ ಸಲ್ಲುವಂಥವು. ಸಾರು ಹೀರಿದ ಕಾಗದವನ್ನು ಯಾವ ಯಂತ್ರವೂ ಮೊದಲಿನ ಕಾಗದವನ್ನಾಗಿ ಮಾಡಲಾರದು. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಲು, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಸಾಕು. ಅದು ಕೊಳೆತ ರಾಶಿಯೊಳಗೆ ಹೂತುಹೋದರೆ ಆ ಉಳಿತಾಯವೂ ಹೂತುಹೋದಂತೆ.

ಬೆರೆತ ಕಸವನ್ನು ಸುಟ್ಟು ವಿದ್ಯುತ್ತನ್ನು ಪಡೆಯುವ ಲೆಕ್ಕವನ್ನೂ ನೋಡೋಣ. ಒಂದು ಕಿಲೋಗ್ರಾಂ ಹಸಿ ಕಸದಲ್ಲಿ ೭೦೦ ಗ್ರಾಂ ನೀರಿದೆಯೆಂದು ಇಟ್ಟುಕೊಳ್ಳಿರಿ. ಆ ನೀರನ್ನು ೨೫ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಿ ಆವಿಯಾಗಿಸಲು ಸುಮಾರು ೧೮೦೦ ಕಿಲೋಜೌಲ್ ಉಷ್ಣ ಬೇಕು. ಉಳಿದ ೩೦೦ ಗ್ರಾಂ ಒಣ ಪದಾರ್ಥವು, ಕಿಲೋಗ್ರಾಮಿಗೆ ೧೬,೦೦೦ ಕಿಲೋಜೌಲಿನಂತೆ, ಕೊಡುವುದು ೪೮೦೦ ಮಾತ್ರ. ದೊರೆತ ಉಷ್ಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾಗ ನೀರನ್ನು ಓಡಿಸುವುದಕ್ಕೇ ವ್ಯಯವಾಯಿತು.

ಕೆರೆಕಟ್ಟೆಯಂಥ ಊರಿನಲ್ಲಿ

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿಗೆ ಸೇರಿದ ಸೀಮೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಈ ಸೀಮೆಯನ್ನು ಹಾದು ಶೃಂಗೇರಿಗೆ ಹರಿಯುತ್ತಾಳೆ. ಮುಂದೆ ತೀರ್ಥಹಳ್ಳಿ, ಶಿವಮೊಗ್ಗಗಳ ಜನ ಕುಡಿಯುವುದೂ ಅದೇ ನೀರು. ಇಲ್ಲಿ ಇಳಿಜಾರಿನಲ್ಲಿ ಎಸೆದ ಯಾವ ವಸ್ತುವೂ ಬಹುಕಾಲ ಅಲ್ಲಿಯೇ ನಿಲ್ಲುವುದಿಲ್ಲ.

ಭಾರಿ ಮಳೆ ಕಸದ ರಾಶಿಯನ್ನು ಏನು ಮಾಡಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೆರೆಕಟ್ಟೆಯ ಹೆದ್ದಾರಿಯಲ್ಲಿ ಘಟ್ಟವಿಳಿದು ಕಾರ್ಕಳವನ್ನು ದಾಟಿದರೆ ಮಂಗಳೂರು. ೨೦೧೯ರ ಆಗಸ್ಟಿನಲ್ಲಿ ಆ ನಗರದ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಕೆಳಗಿನ ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿತು. ರಾಶಿಯ ಸಂದುಗಳಲ್ಲಿ ನೀರು ತುಂಬಿದಾಗ ತೂಕ ಹೆಚ್ಚುತ್ತದೆ. ಒಳಗಿನ ನೀರಿನ ಒತ್ತಡವು ಪದರಗಳನ್ನು ಎತ್ತಿಹಿಡಿದಂತಾಗಿ ಅವುಗಳ ನಡುವಣ ಘರ್ಷಣೆ ಕುಗ್ಗುತ್ತದೆ. ನೀರು ಬಸಿದುಹೋಗದಂತೆ ಪ್ಲಾಸ್ಟಿಕ್ ಹಾಳೆಗಳು ತಡೆಯುತ್ತವೆ.

ಮಲೆನಾಡಿನ ಮನೆಗೆ ಹಸಿ ಕಸದ ವಿಲೇವಾರಿ ಹೊಸ ವಿದ್ಯೆಯಲ್ಲ. ಕೊಟ್ಟಿಗೆಯ ಸೊಪ್ಪು, ಸಗಣಿ, ಅಡಿಗೆಮನೆಯ ಸಿಪ್ಪೆ ಎಲ್ಲವೂ ಗೊಬ್ಬರದ ಗುಂಡಿ ಸೇರಿ ತೋಟಕ್ಕೆ ಹಿಂದಿರುಗುತ್ತಿದ್ದವು. ಗಾಳಿಯಾಡುವ ಗುಂಡಿಯಲ್ಲಿ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಉಷ್ಣತೆ ೬೦ ಡಿಗ್ರಿಯವರೆಗೂ ಏರಿ ರೋಗಾಣುಗಳು ಸಾಯುತ್ತವೆ. ಗಾಳಿ ಇಲ್ಲದೆಡೆ ಅದೇ ಸಿಪ್ಪೆ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೮ ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುವ ಅನಿಲ. ಗುಂಡಿಗೆ ಪ್ಲಾಸ್ಟಿಕ್ ಚೀಲ ಬಿದ್ದರೆ ಆಗುವುದು ಇದೇ.

ಹಾಗಾದರೆ ಪ್ಲಾಸ್ಟಿಕ್ಕನ್ನು ಬಚ್ಚಲ ಒಲೆಗೆ ಹಾಕೋಣವೆ? ಇದು ಅಪಾಯಕರ. ಕ್ಲೋರಿನ್ ಇರುವ ಪಿ.ವಿ.ಸಿ.ಯಂಥ ಪ್ಲಾಸ್ಟಿಕ್ಕುಗಳು ಅರೆಬರೆ ಉರಿದಾಗ ಡೈಆಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಇವನ್ನು ಒಡೆಯಲು ದೊಡ್ಡ ದಹನಯಂತ್ರಗಳಲ್ಲಿ ಹೊಗೆಯನ್ನು ೮೫೦ ಡಿಗ್ರಿಗೂ ಮೇಲ್ಪಟ್ಟ ಉಷ್ಣತೆಯಲ್ಲಿ ಕನಿಷ್ಠ ೨ ಸೆಕೆಂಡು ಇರಿಸುತ್ತಾರೆ. ಹಂಡೆಯ ಒಲೆಯಲ್ಲಿ ಅದು ಸಾಧ್ಯವಿಲ್ಲ. ಹೊಗೆ ಮನೆಯವರ ಉಸಿರಿಗೆ, ಬೂದಿ ತೋಟಕ್ಕೆ.

ಉಭಯರ ಹೊಣೆ

ಮನೆಗಳು ದೂರದೂರವಿರುವ ಊರಿನಲ್ಲಿ ಗಾಡಿ ದಿನವೂ ಬರಲಾರದು. ಹಸಿ ಕಸ ಮನೆಯ ಗುಂಡಿಯಲ್ಲಿಯೇ ಉಳಿದು, ಒಣ ಕಸವನ್ನು ತೊಳೆದು ಒಣಗಿಸಿ ಚೀಲದಲ್ಲಿ ಇಟ್ಟರೆ ಹದಿನೈದು ದಿನವಾದರೂ ನಾರುವುದಿಲ್ಲ. ಬೆರೆತ ಕಸವಾದರೆ ಎರಡನೆಯ ದಿನವೇ ಹೊರಗೆ ಬೀಳುತ್ತದೆ. ಆದುದರಿಂದ ಬೇರ್ಪಡಿಸಿದ ಊರಿಗೆ ಗಾಡಿಯ ಖರ್ಚೂ ಕಡಿಮೆ. ಕರ್ನಾಟಕದ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ‘ಸ್ವಚ್ಛ ವಾಹಿನಿ’ ಗಾಡಿಗಳನ್ನು ನಡೆಸಿ, ಒಣ ಕಸವನ್ನು ‘ಸ್ವಚ್ಛ ಸಂಕೀರ್ಣ’ಗಳಲ್ಲಿ ವಿಂಗಡಿಸಿ ಮಾರುತ್ತಿದ್ದಾರೆ. ಅವರಿಗೆ ದೊರೆಯುವ ಬೆಲೆ ನಮ್ಮ ಚೀಲದ ಶುಭ್ರತೆಯನ್ನು ಅವಲಂಬಿಸಿದೆ.

“ನಾವು ಬೇರ್ಪಡಿಸಿದರೂ ಗಾಡಿಯಲ್ಲಿ ಎಲ್ಲವನ್ನೂ ಒಂದೇ ಕಡೆ ಸುರಿಯುತ್ತಾರೆ” ಎಂಬ ದೂರು ಕೆಲವೆಡೆ ಕೇಳಿಬರುತ್ತದೆ. ಹಾಗೆ ಸುರಿದರೆ ನೂರು ಮನೆಗಳ ಶ್ರಮ ಒಂದು ಕ್ಷಣದಲ್ಲಿ ವ್ಯರ್ಥವಾಗುತ್ತದೆ. ಏಕೆಂದರೆ ಬೆರಕೆಯ ನಿಯಮಕ್ಕೆ ಮನೆಯೂ ಒಂದೇ, ಗಾಡಿಯೂ ಒಂದೇ. ಅದನ್ನು ಪಂಚಾಯಿತಿಯ ಗ್ರಾಮಸಭೆಯಲ್ಲಿ ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಪ್ರಶ್ನಿಸುವವನ ಮನೆಯಲ್ಲಿ ಎರಡು ಬುಟ್ಟಿಗಳು ಇರಬೇಕು.