ರೋಹಿಣಿ ಬಿಸಿಲಿಗೆ ಮೊದಲು ಗಾಡಿ ನೋಡ್ಕೊಳ್ಳಿ

ನಮ್ಮ ರಾಯದುರ್ಗ ಸೀಮೆಯಲ್ಲಿ ತೆಲುಗಿನ ಮಾತೊಂದಿದೆ: 'ರೋಹಿಣಿ ಎಂಡಲಕು ರೋಳ್ಳು ಪಗುಲುತಾಯಿ.' ಮೇ 25ರ ಸುಮಾರಿಗೆ ಹುಟ್ಟುವ ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುತ್ತದಂತೆ. ಕಲ್ಲೇ ಬಿರಿಯುವಾಗ ರಬ್ಬರು, ತಗಡಿನ ಗಾಡಿ ಯಾವ ಲೆಕ್ಕ? ಆದರೂ ನಮ್ಮ ಮದುವೆ, ಗೃಹಪ್ರವೇಶಗಳೆಲ್ಲ ಬರುವುದು ಈ ಬಿಸಿಲಲ್ಲೇ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು, ನಂಟಸ್ತನ ಹೋಗಲಿಲ್ಲ. ಹೆಣ್ಣು ಕೊಟ್ಟದ್ದು ಅತ್ತ, ತಂದದ್ದು ಇತ್ತ. ಹಾಗಾಗಿ ಏಪ್ರಿಲ್, ಮೇ ಬಂತೆಂದರೆ ಗಡಿಯ ಎರಡೂ ಕಡೆ ಗಾಡಿಗಳದ್ದೇ ಸಾಲು.

2019ರ ಮೇ ತಿಂಗಳು, ಬಳ್ಳಾರಿಯಲ್ಲಿ ತಂಗಿ ಮಗಳ ಮದುವೆ. ನಮ್ಮ ಹಳೇ ಬೊಲೆರೊದಲ್ಲಿ ಮಕ್ಕಳು ಮರಿ ಸೇರಿ ಹನ್ನೊಂದು ಜನ, ಮೇಲೆ ಕ್ಯಾರಿಯರ್ ತುಂಬ ಅಕ್ಕಿ ಮೂಟೆ, ಪಾತ್ರೆ. ಎ.ಸಿ. ಬೇರೆ ಜೋರು. ಕಣೇಕಲ್ಲು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಮುಹೂರ್ತದ ಅವಸರ, ನೋಡಿಯೂ ನೋಡದಂತೆ ಓಡಿಸಿದೆ. ಬಾನೆಟ್ ಸಂದಿಯಿಂದ ಆವಿ ಬಂದಾಗ ನಿಲ್ಲಿಸಿ, ಇಳಿದವನೇ ಟವೆಲ್ ಸುತ್ತಿ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದೆ. 'ಮಾಮಾ, ಬ್ಯಾಡ' ಅಂತ ಅಳಿಯ ಕೂಗಿದ್ದು ಕೇಳಿಸಿತು, ಕೈ ಆಗಲೇ ತಿರುಗಿಸಿತ್ತು. ಕುದಿಯುವ ನೀರು ಬುಗ್ಗೆಯಂತೆ ಎದ್ದು ಮುಂಗೈಯಿಂದ ಮೊಳಕೈವರೆಗೆ ಬಡಿಯಿತು. ಪಕ್ಕದಲ್ಲೇ ಮೊಮ್ಮಗಳು ನಿಂತಿದ್ದಳು. ಒಂದು ಗೇಣು ಮುಂದೆ ಇದ್ದಿದ್ದರೆ ಅವಳ ಮುಖಕ್ಕೇ ಬೀಳುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ನಿದ್ದೆ ಹಾರುತ್ತದೆ.

ಯಾರೋ ಓಡಿಬಂದು ಹಲ್ಲುಜ್ಜುವ ಪೇಸ್ಟು ಮೆತ್ತಿದರು. ಆಸ್ಪತ್ರೆಯಲ್ಲಿ ಆ ಪೇಸ್ಟು ತೆಗೆಯುವಾಗ ಆದ ನೋವು ಸುಟ್ಟಾಗ ಆದದ್ದಕ್ಕಿಂತ ಹೆಚ್ಚು. ಪೇಸ್ಟು, ಶಾಯಿ, ಎಣ್ಣೆ ಏನೂ ಬೇಡ, ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕಿತ್ತು ಅಂದರು ಡಾಕ್ಟರು. ಮದುವೆ ನಾನು ನೋಡಲಿಲ್ಲ.

ತಪ್ಪು ಗಾಡಿಯದ್ದಲ್ಲ, ನನ್ನದು. ರೇಡಿಯೇಟರಿನೊಳಗೆ ಪ್ರೆಷರ್ ಕುಕ್ಕರಿನ ಹಾಗೆ ಒತ್ತಡ ಇರುತ್ತದೆ. ಆ ಒತ್ತಡದಲ್ಲಿ ನೂರು ಡಿಗ್ರಿ ದಾಟಿದರೂ ನೀರು ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ ಒಮ್ಮೆಲೇ ಆವಿಯಾಗಿ ಚಿಮ್ಮುತ್ತದೆ. ಸೀಟಿ ಆರುವ ತನಕ ಕುಕ್ಕರ್ ಮುಚ್ಚಳ ತೆಗೆಯದ ನಾವು ಗಾಡಿ ವಿಷಯದಲ್ಲಿ ಯಾಕೆ ಇಷ್ಟು ಅವಸರ ಪಡ್ತೀವೋ!

ಆಮೇಲೆ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ ತೋರಿಸಿದ. ಒಳಗೆಲ್ಲ ಸುಣ್ಣದಂಥ ಬಿಳಿ ಪದರ. ಎರಡು ವರ್ಷದಿಂದ ನಾನು ತೋಟದ ಬೋರಿನ ನೀರನ್ನೇ ಹೊಯ್ಯುತ್ತಿದ್ದೆ. ನಮ್ಮ ಕಡೆಯ ಬೋರಿನ ನೀರು ಎಂಥ ಗಡಸು ಅಂತ ಬೇಳೆ ಬೇಯಿಸುವ ಹೆಂಗಸರನ್ನು ಕೇಳಿ. ಆ ಪದರ ಶಾಖ ಹೊರಗೆ ಬಿಡುವುದಿಲ್ಲ. ಹೊರಗಿನ ಜಾಲರಿಯಲ್ಲೋ ಕಣೇಕಲ್ಲು, ಬೊಮ್ಮನಹಾಳದ ಹಗರಿ ದಂಡೆಯ ಮರಳು, ಹುಲ್ಲಿನ ಬೀಜ, ಹತ್ತಿಯ ಎಳೆ ಕೂತು ಕಂಬಳಿಯಾಗಿತ್ತು. ಆದೋನಿ ಮಾರುಕಟ್ಟೆಗೆ ಹತ್ತಿ ಹೊಡೆಯುವವರ ಗಾಡಿಗಳು ಇದನ್ನು ಖಂಡಿತ ನೋಡಿಸಬೇಕು. ಗಾಡಿ ತಣ್ಣಗಿದ್ದಾಗ ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಜೋರು ಪೈಪು ಹಿಡಿದರೆ ಜಾಲರಿ ಮಡಚಿಹೋಗುತ್ತದೆ. ಒಳಗೆ ಕೂಲಂಟ್, ಕಂಪನಿ ಪುಸ್ತಕ ಹೇಳಿದ ಅಳತೆಗೆ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದು. ಹೋಸ್ ಪೈಪು ಹಿಚುಕಿದರೆ ಮೆತ್ತಗೆ ಉಬ್ಬಿದ್ದರೆ, ಫ್ಯಾನ್ ಬೆಲ್ಟ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಏರ್ ಫಿಲ್ಟರ್ ನಮ್ಮ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತದೆ.

ಹಾದಿಯಲ್ಲಿ ಮುಳ್ಳು ಏರಿತೋ, ಎ.ಸಿ. ಆರಿಸಿ. ಹೀಟರ್ ಇದ್ದರೆ ಪೂರ್ತಿ ಹಾಕಿ, ಅದು ಇಂಜಿನ್ ಶಾಖವನ್ನು ಒಳಗೆ ಎಳೆಯುತ್ತದೆ. ಕೂತವರು ಬೈಯ್ಯಲಿ, ಕಿಟಕಿ ತೆಗೆಸಿ. ಇಳಿಯದಿದ್ದರೆ ನೆರಳು ನೋಡಿ ನಿಲ್ಲಿಸಿ, ಇಂಜಿನ್ ಆರಿಸಿ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು, ಆ ಖರ್ಚು ಒಂದು ಕಡಲೆಕಾಯಿ ಬೆಳೆಯನ್ನೇ ನುಂಗೀತು.

ಇನ್ನು ಟೈರು. ಗಾಳಿ ಕಡಿಮೆ ಇದ್ದ ಟೈರು ಹೆಚ್ಚು ಬಾಗಿ ಕಾದು ಒಡೆಯುತ್ತದೆ. ಬೇಸಿಗೆಗೆ ಗಾಳಿ ಕಡಿಮೆ ಹಾಕಿಸಬೇಕು ಅನ್ನುವವರ ಮಾತು ಕೇಳಬೇಡ್ರಿ. ಬೆಳಿಗ್ಗೆ ಗಾಡಿ ಓಡುವ ಮೊದಲೇ ಅಳತೆ ನೋಡಿ, ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು, ಲೋಡು ಇದ್ದರೆ ಲೋಡಿಗೆ ಬರೆದಷ್ಟು ಹಾಕಿಸಿ. ಓಡಿ ಕಾದಾಗ ಏರಿದ ಗಾಳಿಯನ್ನು ಬಿಡಬೇಡಿ. ನೈಟ್ರೋಜನ್ ಅಂತ ದುಡ್ಡು ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ ಸ್ವಾಮಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯದ್ದನ್ನೂ ಓದಿ, ಅದಕ್ಕೂ ವಯಸ್ಸಾಗುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಬೇಡ.

ಮದುವೆ ಮನೆ ಮುಂದೆ ನಿಲ್ಲಿಸಿದ ಗಾಡಿಗೆ ಲಾಕ್ ಹಾಕಿ, ಬೀಗದ ಕೈ ಜೇಬಲ್ಲಿರಲಿ. ಮುಚ್ಚಿದ ಗಾಡಿಯೊಳಗೆ ಬಿಸಿಲಿಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಕಿಟಕಿ ನಾಲ್ಕು ಬೆರಳು ಇಳಿಸಿದರೂ ಅಷ್ಟೇ. ಆಟಕ್ಕೆ ಒಳಹೊಕ್ಕ ಮಗು ಬಾಗಿಲು ತೆಗೆಯಲಾರದು. ಮಲಗಿದೆ ಅಂತ ಮಗುವನ್ನು ಎರಡು ನಿಮಿಷಕ್ಕೂ ಬಿಡಬೇಡಿ. ಸ್ಪ್ರೇ ಡಬ್ಬಿ, ಲೈಟರ್ ಕೂಡ ಒಳಗೆ ಬೇಡ. ನಾನು ಡ್ಯಾಶ್ ಬೋರ್ಡಿನ ಮೇಲೆ ಬಿಟ್ಟ ಪೆನ್ನು ಕಾರಿ ನಾಲ್ಕು ಪದ್ಯ ನೀಲಿ ಕೆರೆಯಾದವು. ಅವು ಹೋದದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ ಅನ್ನಿ.

ಈಗ ಪ್ರತಿ ವರ್ಷ ಶಿವರಾತ್ರಿ ಕಳೆದ ವಾರವೇ ಗಾಡಿ ಮೆಕ್ಯಾನಿಕ್ ಹತ್ತಿರ ಹೋಗುತ್ತದೆ. ಬಾನೆಟ್ಟಿನ ಒಳಭಾಗಕ್ಕೆ ಕೆಂಪು ಬಣ್ಣದಲ್ಲಿ ಎರಡು ಸಾಲು ಬರೆಸಿದ್ದೇನೆ, ನಮ್ಮವರು ಯಾರೇ ಓಡಿಸಲಿ ಓದಿಕೊಳ್ಳಲಿ ಅಂತ. ಮೇಲೆ ಕನ್ನಡದಲ್ಲಿ 'ಕ್ಯಾಪ್ ಮುಟ್ಟಬೇಡ', ಕೆಳಗೆ ತೆಲುಗಿನಲ್ಲಿ 'ಮುಟ್ಟೊದ್ದು'.